ಹೊಲಿದಿಟ್ಟ ಕೊನೆಯ ಹಾಳೆ

ಕೇಳಿದ ಕಥೆಯನ್ನು ಹೇಳುವಾಗ ಅದನ್ನು ಯಾರ ಬಾಯಿಂದ, ಯಾವ ಜಗಲಿಯ ಮೇಲೆ, ಯಾವ ಕೆಲಸದ ನಡುವೆ ಕೇಳಿದೆನೆಂದು ಮೊದಲೇ ತಿಳಿಸಿ ಮುಂದುವರಿಯುವುದು ನನ್ನ ಪದ್ಧತಿ. ಜನಪದ ಕಥೆಗಳನ್ನು ಸಂಗ್ರಹಿಸುತ್ತ ತಲೆಗೂದಲು ಉದುರಿಸಿಕೊಂಡವನಿಗೆ ಅಷ್ಟಾದರೂ ಶಿಸ್ತು ಇರಬೇಕು. ಆದರೆ ಈಗ ಹೇಳಹೊರಟಿರುವುದನ್ನು ನಾನು ಯಾರಿಂದಲೂ ಕೇಳಿದ್ದಲ್ಲ. ಕಣ್ಣಾರೆ ಕಂಡದ್ದು, ಬಹುಪಾಲು ಕೈಯಾರೆ ಕೆಡಿಸಿದ್ದು. ಆದ್ದರಿಂದ ಇದಕ್ಕೆ ನಂಬಿಕಸ್ಥ ಸಾಕ್ಷಿ ಯಾರೂ ಇಲ್ಲ.

ನಮ್ಮೂರಿನಲ್ಲಿ ಪುಸ್ತಕದ ಕೊನೆಯ ಪುಟವನ್ನು ಯಾರೂ ಓದುವುದಿಲ್ಲ. ಓದಿದರೆ ಪುಸ್ತಕ ಬರಿದಾಗುತ್ತದೆ. ರಕ್ಷಾಪುಟದಿಂದ ಹಿಡಿದು ಕಡೆಯ ಸಾಲಿನವರೆಗೆ ಒಂದಕ್ಷರವೂ ಉಳಿಯದೆ ಬಿಳಿಯ ಹಾಳೆಗಳ ಕಟ್ಟೊಂದು ಕೈಯಲ್ಲಿ ಉಳಿಯುತ್ತದೆ. ಮೊದಲೇ ನಕಲು ಮಾಡಿಟ್ಟುಕೊಂಡರೆ ಮೂಲದೊಡನೆ ನಕಲೂ ಹೋಗುತ್ತದೆ. ಹಿಟ್ಟಿನ ಗಿರಣಿಯ ಮಲಕಾಜಪ್ಪನೆಂಬ ಜಾಣ ಒಂದು ಪತ್ತೇದಾರಿ ಕಾದಂಬರಿಯನ್ನು ಊರ ಗಡಿಯಾಚೆ ಒಯ್ದು, ಹುಣಸೆ ಮರದ ಕೆಳಗೆ ಕುಳಿತು ಮುಗಿಸಿ, ಮೀಸೆ ತಿರುವುತ್ತ ಮರಳಿದ. ಗಡಿಯ ಕಲ್ಲು ದಾಟುತ್ತಲೇ ಪುಸ್ತಕವೂ ಬೆಳ್ಳಗಾಯಿತು, ಊರೊಳಗೇ ಓದಿದವರಿಗೆ ಉಳಿಯುವ ನೆನಪೂ ಉಳಿಯದೆ ಕೊಲೆಗಾರನ ಹೆಸರೂ ಅವನ ತಲೆಯಿಂದ ಇಳಿದುಹೋಯಿತು. ಇಂದಿಗೂ ಅವನು ಜೋಳ ಬೀಸುತ್ತಿರುವಾಗ ಇದ್ದಕ್ಕಿದ್ದಂತೆ ಗಿರಣಿ ನಿಲ್ಲಿಸಿ, "ನಾಲಿಗಿ ತುದೀಗೆ ಐತ್ರೀ, ತಡೀರಿ" ಎನ್ನುವುದುಂಟು. ಸಾಲಿನಲ್ಲಿ ನಿಂತವರು ತಡೆಯುತ್ತಾರೆ.

ಇದಕ್ಕೆಲ್ಲ ಊರು ಹೊಂದಿಕೊಂಡಿದೆ. ಹೊಸ ಪುಸ್ತಕ ಬಂದ ದಿನವೇ ವಾಚನಾಲಯದ ಗುರುಶಾಂತಪ್ಪನವರು ಕಣ್ಣು ಮುಚ್ಚಿಕೊಂಡು ಅದರ ಕೊನೆಯ ಹಾಳೆಯನ್ನು ಒಳಕ್ಕೆ ಮಡಚಿ, ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕುತ್ತಾರೆ. ಗಣಿತದ ಪುಸ್ತಕದ ಉತ್ತರಗಳು ಆ ಹಾಳೆಯಲ್ಲೇ ಇರುವುದರಿಂದ ಲೆಕ್ಕ ತಪ್ಪಿತೆಂದು ನಮ್ಮೂರ ಶಾಲೆಯಲ್ಲಿ ಯಾರೂ ಏಟು ತಿಂದಿಲ್ಲ. ಸಾಯುವವರ ಬಾಯಿಗೆ ನೀರು ಬಿಡುವ ಮುನ್ನ ಅವರು ಮೆಚ್ಚಿದ ಒಂದು ಪುಸ್ತಕದ ಹೊಲಿಗೆ ಬಿಚ್ಚಿ, ಕೊನೆಯ ಪುಟವನ್ನು ಓದಿ ಕೇಳಿಸುವ ಪದ್ಧತಿಯಿದೆ. ನನ್ನ ಸೋದರಮಾವ ಹಾಗೆ ಕೇಳಿದವನೇ "ಬರೇ ಇಷ್ಟ ಏನು?" ಎಂದು ಸಿಟ್ಟಿನಿಂದ ಎದ್ದು ಕುಳಿತು, ಇನ್ನೊಂದು ಸುಗ್ಗಿ ಕಂಡು ಹೋದ.

ನನ್ನ ಪಾಲಿಗೆ ಈ ಏರ್ಪಾಡು ಬಹಳ ಅನುಕೂಲವಾಗಿತ್ತು. ಪ್ರತಿ ಗುರುವಾರ ಸಂಜೆ ವಾಚನಾಲಯದ ಪಡಸಾಲೆಯಲ್ಲಿ, ಈಚೆಗೆ ಓದಿದ ಪುಸ್ತಕದ ಬಗ್ಗೆ ನನ್ನ ಅನಿಸಿಕೆ ಹೇಳುವ ಹೊಣೆಯನ್ನು ನಾನೇ ಹೊತ್ತುಕೊಂಡಿದ್ದೆ; ಯಾರೂ ಹೊರಿಸಿದ್ದಲ್ಲ. ಓದದ ಪುಟಗಳ ಬಗ್ಗೆ ನನ್ನಷ್ಟು ಅಧಿಕಾರವಾಣಿಯಿಂದ ಮಾತಾಡುವವರು ಊರಲ್ಲಿ ಬೇರೊಬ್ಬರಿರಲಿಲ್ಲ. ಬೀಗ ಹಾಕಿದ ಕಣಜದೊಳಗೆ ಸಾಹುಕಾರನೊಬ್ಬ ಸತ್ತುಬಿದ್ದ ಕಾದಂಬರಿಯ ಬಗ್ಗೆ, "ಅಂತ್ಯ ಯಾರಾದರೂ ಊಹಿಸಬಹುದಾದಷ್ಟು ದುರ್ಬಲ" ಎಂದೆ. ನನ್ನ ಊಹೆಯಲ್ಲಿ ಕಾಂಪೌಂಡರನು ಕೊಂದಿದ್ದ. ಹೆಂಡತಿ ದಾಕ್ಷಾಯಣಿಯ ಊಹೆಯಲ್ಲಿ ಸಾಹುಕಾರ ಸತ್ತೇ ಇರಲಿಲ್ಲ. ಸೈಕಲ್ಲಿನ ಮೇಲೆ ಹಿಮದ ಬೆಟ್ಟಗಳಿಗೆ ಹೊರಟವನ ಪ್ರವಾಸಕಥನ, ನಮಗೆ ಓದಲು ಸಿಗುವಷ್ಟರಲ್ಲಿ, ಕಣಿವೆಯೊಂದರಲ್ಲಿ ಅವನ ಟೈರು ಒಡೆದು ನಿಲ್ಲುತ್ತಿತ್ತು. "ಇದು ಮನುಷ್ಯನ ಏಕಾಂಗಿತನದ ಸಂಕೇತ" ಎಂದು ನಾನು ವಿವರಿಸುತ್ತಿರುವಾಗ ನಮ್ಮ ನೆರೆಮನೆಯ ಸಾವಂತ್ರೆವ್ವ ಕಣ್ಣಲ್ಲಿ ನೀರು ತಂದುಕೊಂಡು, "ಅದಿರಲಿ ಮಾಸ್ತರ್ರ, ಆ ತಮ್ಮಗ ಯಾರರ ಪಂಕ್ಚರ್ ತಿದ್ದಿಕೊಟ್ರೋ ಇಲ್ಲೋ?" ಎಂದು ಕೇಳಿದಳು. ಅಡುಗೆಯ ಪುಸ್ತಕದ ಕಡೆಯ ಸಿಹಿತಿಂಡಿ ಪಾಕ ಎಳೆ ಬರುವಲ್ಲಿಗೆ ನಿಂತುಹೋಗುವುದರಿಂದ ಮನೆಮನೆಗೂ ಅದು ಬೇರೆಯಾಗಿ, ಒಂದು ಮನೆಯಲ್ಲಿ ಉಂಡೆಯಾಗಿ, ಒಂದು ಮನೆಯಲ್ಲಿ ಒಡೆಯಲಾಗದ ಹಲಗೆಯಾಗಿ ಮುಗಿಯುತ್ತಿತ್ತು. ನಾನು ಅದನ್ನು ಮುಕ್ತ ಅಂತ್ಯವೆಂದು ಹೊಗಳಿದೆ. ಕವನ ಸಂಕಲನವೊಂದರ ಶ್ರೇಷ್ಠ ಕವಿತೆ ಹೊಲಿಗೆಯೊಳಗೇ ಇರಬೇಕೆಂದು ತೀರ್ಮಾನಿಸಿದೆ, ಹೊರಗಿದ್ದವುಗಳಲ್ಲಿ ಅದು ಕಾಣದ ಕಾರಣ. ಪೈಲವಾನನೊಬ್ಬನ ಆತ್ಮಕಥೆಯಲ್ಲಿ ಅವನು ಎದುರಾಳಿಯ ಸೊಂಟ ಹಿಡಿದು ಎತ್ತಿದ್ದಾನೆ, ಇಳಿಸಿಲ್ಲ. ನಾನು ಮಾತ್ರ "ಕೊನೆಗೆ ಇವರಿಗೆ ವಿನಯ ಬರುತ್ತದೆ" ಎಂದು ಆ ಪುಣ್ಯಾತ್ಮನಿಗೆ ಪ್ರಶಸ್ತಿಪತ್ರ ಕೊಟ್ಟೆ.

"ಕಾಣದ್ದರ ಬಗ್ಗೆ ಇಷ್ಟು ಮಾತಾಡೋರು ಊರಾಗ ನೀವು ಮತ್ತ ಆ ಜೋಯಿಸ, ಇಬ್ಬರ" ಎಂದು ದಾಕ್ಷಾಯಣಿ ಆಗಾಗ ಹೇಳುತ್ತಿದ್ದಳು. "ಅಂವಗರ ಮಂದಿ ಅಕ್ಕಿ-ಬ್ಯಾಳಿ ಕೊಡ್ತಾರ."

ಗುರುವಾರದ ಕೇಳುಗರಿಗೆ ನನ್ನ ರೀತಿ ತಿಳಿದಿತ್ತು. ನಾನು "ಅಂತ್ಯದಲ್ಲಿ ಹೀಗಾಗುತ್ತದೆ" ಎಂದರೆ "ಮಾಸ್ತರರಿಗೆ ಹೀಗಾಗಲೆಂದು ಅನಿಸಿದೆ" ಎಂದು ತಿದ್ದಿಕೊಂಡು ಕೇಳುತ್ತಿದ್ದರು. ತಿಳಿಯದಿದ್ದವಳು ಒಬ್ಬಳೇ, ಬಸ್ ನಿಲ್ದಾಣದೆದುರು ಖಾನಾವಳಿ ನಡೆಸುವ ನೀಲಗಂಗವ್ವ. ಸಂಜೆಯೆಂದರೆ ಅವಳಿಗೆ ರೊಟ್ಟಿ ಬಡಿಯುವ ಹೊತ್ತು; ನನ್ನ ಮಾತು ಕೇಳುವ ಕರ್ಮ ಅವಳಿಗೆ ಎಂದೂ ಒದಗಿರಲಿಲ್ಲ.

ನೀಲಗಂಗವ್ವನಿಗೆ ಕಸ್ತೂರಿಯೆಂಬ ತಂಗಿಯಿದ್ದಳು. ತಾಯಿಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಅಕ್ಕನೇ. ಹುಡುಗಿ ಎಲ್ಲದರಲ್ಲೂ ಬಲು ಒಳ್ಳೆಯವಳು, ಒಂದರಲ್ಲಿ ಮಾತ್ರ ಅಲ್ಲ: ಅವಳು ಪುಸ್ತಕ ಮುಗಿಸುತ್ತಿದ್ದಳು. ಹಲ್ಲಿನಿಂದ ದಾರ ಕಡಿದು, ಕೊನೆಯ ಪುಟ ಓದಿ, ಬಿಳಿಯ ಪುಸ್ತಕವನ್ನು ಕಪಾಟಿನಲ್ಲಿ ಮೊದಲಿನಂತೆಯೇ ಇಟ್ಟು ಬರುತ್ತಿದ್ದಳು. ವಾಚನಾಲಯದ ಒಂದು ಸಾಲಿನ ಪುಸ್ತಕಗಳು ಹಾಗೆ ಬೆಳ್ಳಗಾದ ಮೇಲೆ ಸಿಕ್ಕಿಬಿದ್ದಳು. ಊರಿನವರು ಖಾನಾವಳಿಯ ಮುಂದೆ ನಿಂತು ಆಡಬಾರದ್ದನ್ನು ಆಡಿದರು. ಅವಮಾನಕ್ಕೆ ಒಳಗಾದ ನೀಲಗಂಗವ್ವ ಕೈಯ ಹಿಟ್ಟನ್ನೂ ತೊಳೆಯದೆ, "ಮುಗಸೂ ಚಟ ಅಷ್ಟು ಇದ್ರ ಮುಗಸೂ ಮಂದಿ ಇರೂ ಊರಿಗೇ ಹೋಗು" ಎಂದುಬಿಟ್ಟಳು. ಕಸ್ತೂರಿ ಮುಂದಿನ ಬಸ್ಸಿಗೇ ಹೊರಟುಹೋದಳು. ಅಕ್ಕ ಕರೆಯಲಿಲ್ಲ, ತಂಗಿ ಬರಲಿಲ್ಲ.

ವರ್ಷಗಳು ಸಂದ ಮೇಲೆ, ಈಚೆಗೆ, ವಾಚನಾಲಯಕ್ಕೆ ಅಂಚೆಯಲ್ಲಿ ಒಂದು ಕಾದಂಬರಿ ಬಂತು. ಬರೆದವಳು ಕಸ್ತೂರಿ. ಒಂದು ಖಾನಾವಳಿ, ಅದರಲ್ಲಿ ಇಬ್ಬರು ಅಕ್ಕತಂಗಿಯರು. ಹೆಸರು ಬದಲಿಸಿದ್ದಳೇ ಹೊರತು ತವೆಯ ಮುರಿದ ಹಿಡಿಯನ್ನೂ ಬದಲಿಸಿರಲಿಲ್ಲ. ಗುರುಶಾಂತಪ್ಪನವರು ರೂಢಿಯಂತೆ ಹೊಲಿಗೆ ಹಾಕಿ, ಮೊದಲು ನೀಲಗಂಗವ್ವನಿಗೇ ಕೊಟ್ಟರು. ಅವಳು ಬೆರಳಿಟ್ಟುಕೊಂಡು, ಕೂಡಿಸಿ ಕೂಡಿಸಿ, ಹೊಲಿಗೆಯವರೆಗೂ ಓದಿದಳು. ಅಲ್ಲಿ, ಬಿಟ್ಟುಹೋಗಿದ್ದ ತಂಗಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಅಕ್ಕ ಬಾಗಿಲು ತೆರೆದು ಅವಳನ್ನು ನೋಡುತ್ತಾಳೆ. ಆ ಪುಟ ಅಲ್ಲಿಗೆ ಮುಗಿಯುತ್ತದೆ.

ಆ ದಿನಗಳಲ್ಲೇ ಬಸ್ಸಿನ ಕಂಡಕ್ಟರ್ ಖಾಜಾಸಾಬನ ಬಾಯಲ್ಲಿ ಕಸ್ತೂರಿಯಿಂದ ಮಾತು ಬಂತು: ಅಕ್ಕ ಹೂಂ ಅಂದರೆ ಬರುತ್ತೇನೆ, ಇಲ್ಲವೆಂದರೆ ಮತ್ತೆ ಕೇಳುವುದಿಲ್ಲ. ನೀಲಗಂಗವ್ವ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತಂಗಿಗೆ ತನ್ನ ಮೇಲೆ ಇನ್ನೂ ಎಷ್ಟು ಸಿಟ್ಟಿದೆಯೆಂದು ತಿಳಿಯದೆ ಹೇಗೆ ಕರೆಯುವುದು? ಪುಸ್ತಕ ನನ್ನ ಕೈಗೆ ಬಂದಿದೆಯೆಂದು ಕೇಳಿ, ಒಂದು ಗುರುವಾರ ರೊಟ್ಟಿಯ ಕೆಲಸವನ್ನು ಬೇರೆಯವರಿಗೆ ವಹಿಸಿ ಪಡಸಾಲೆಗೆ ಬಂದು ಹಿಂದೆ ಕುಳಿತಳು.

ನಾನು ಅಂದು ಮೈಮೇಲೆ ಬಂದವನಂತೆ ಮಾತಾಡಿದೆ. ಅಕ್ಕತಂಗಿಯರ ಕಥೆಗಳನ್ನು ನಾನು ಜೀವಮಾನವಿಡೀ ಸಂಗ್ರಹಿಸಿದವನು. ನನಗೆ ದೊರೆತವುಗಳಲ್ಲಿ ಅಗಲಿದ ಅಕ್ಕತಂಗಿಯರು ಮತ್ತೆ ಕೂಡಿದ್ದು ಒಂದೂ ಇಲ್ಲ. ಒಬ್ಬಳು ಹಕ್ಕಿಯಾಗುತ್ತಾಳೆ, ಇನ್ನೊಬ್ಬಳು ಬಾವಿಯಾಗುತ್ತಾಳೆ. ಆ ಬಲದ ಮೇಲೆ, ಕನ್ನಡಕ ತೆಗೆದು ಒರೆಸುತ್ತ ಹೇಳಿದೆ: "ಕೊನೆಯ ಪುಟದಲ್ಲಿ ಅಕ್ಕ ಬಾಗಿಲು ಹಾಕಿಕೊಳ್ಳುತ್ತಾಳೆ. ಲೇಖಕಿಯ ಎದೆಯ ಕಹಿ ಆರಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ." ಚಪ್ಪಾಳೆ ಬಿತ್ತು. ಹಿಂದೆ ಕುಳಿತಿದ್ದ ನೀಲಗಂಗವ್ವ ಸೆರಗು ಕೊಡವಿಕೊಂಡು ಎದ್ದುಹೋದುದನ್ನು ನಾನು ಕಂಡೆ. ಮಾತು ಮನಸ್ಸಿಗೆ ತಟ್ಟಿದೆಯೆಂದು ಹೆಮ್ಮೆಪಟ್ಟೆ.

ಮರುದಿನ ಮಧ್ಯಾಹ್ನ ದಾಕ್ಷಾಯಣಿ ಸಂತೆಯ ಚೀಲವನ್ನು ನನ್ನ ಮೇಜಿನ ಮೇಲೆಯೇ ಕುಕ್ಕಿದಳು.

"ನೀಲಗಂಗವ್ವ ಖಾಜಾಸಾಬಗ ಹೇಳ್ಯಾಳಂತ, ಬರೂದು ಬ್ಯಾಡ ಅನ್ನು ಅಂತ. ಸಂಜಿ ಬಸ್ಸಿಗೆ ಆ ಮಾತು ಹೋಗ್ತೈತಿ."

"ಯಾಕಂತ?"

"ಯಾಕಂತ ನನ್ನ ಕೇಳ್ತೀರಿ? ಊರ ಮುಂದ ಬಾಗಲಾ ಹಾಕಿಸಿದೋರು ಯಾರು? ತಂಗಿ ನನ್ನ ಅಂಥಾ ಕಲ್ಲೆದಿಯಾಕಿ ಅಂತ ತಿಳದಾಳ, ಆಕಿ ಮಾರಿ ಹೆಂಗ ನೋಡ್ಲಿ ಅಂತ ಅಳಾಕ ಹತ್ಯಾಳ. ಆಕಿಗೇನು ಗೊತ್ತು, ನೀವು ಓದದನ ಹೇಳ್ತೀರಿ ಅಂತ?"

ನಾನು ಚಪ್ಪಲಿ ಹುಡುಕಿದೆ. ಒಂದು ಸಿಕ್ಕಿತು. ಇನ್ನೊಂದು ಸಿಗುವವರೆಗೆ ಕಾಯುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಸಿಕ್ಕಿದ್ದನ್ನೂ ಅಲ್ಲೇ ಬಿಟ್ಟು ಬರಿಗಾಲಲ್ಲಿ ಖಾನಾವಳಿಗೆ ಓಡಿದೆ. ನೀಲಗಂಗವ್ವ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ನಾನು ಎರಡು ವಾಕ್ಯಗಳ ಪೀಠಿಕೆ ಹಾಕಿದೆ. ಅವಳು ತಲೆಯೆತ್ತಲಿಲ್ಲ. ಮೂರನೆಯದಕ್ಕೆ ವಿಷಯ ಹೇಳಿದೆ.

"ಓದಿಲ್ಲ?" ಎಂದಳು.

"ಓದಿಲ್ಲವ್ವ."

"ಹೊಲಿಗಿ ಬಿಚ್ಚಿಲ್ಲ?"

"ಇಲ್ಲ. ನನಗೆ ಹಾಗೆ ಅನಿಸಿತು, ಹೇಳಿದೆ."

"ಅನಿಸ್ತು!" ಅವಳು ಹಿಟ್ಟಿನ ಮುದ್ದೆಯನ್ನು ಪರಾತದಲ್ಲಿ ಬಡಿದ ರಭಸಕ್ಕೆ ಊಟಕ್ಕೆ ಕುಳಿತವರು ತಾಟು ಹಿಡಿದುಕೊಂಡರು. "ಕನ್ನಡಕ ತಗದು ಒರಿಸಿ ಒರಿಸಿ ಹೇಳಿದ್ರಿ. ನಾನು, ಪಾಪ, ಮಾಸ್ತರ್ರು ನನ್ನ ಸಲುವಾಗಿ ಪುಸ್ತಕ ಖಾಲಿ ಮಾಡ್ಯಾರ ಅಂತ ಮರಗಿದೆ. ನಿಮಗ ಅನಿಸೂದು ಇದ್ರ ನಿಮ್ಮ ಮನ್ಯಾಗ ಅನಿಸಬೇಕ್ರಿ, ಮಂದಿ ಬಾಗಲಾ ಯಾಕ ಮುಚ್ಚಸ್ತೀರಿ?"

ನನ್ನಲ್ಲಿ ಒಂದು ಅಡಿಟಿಪ್ಪಣಿಯಿತ್ತು, ಅದನ್ನು ಹೇಳುವಷ್ಟು ಮೂರ್ಖನಾಗಿರಲಿಲ್ಲ.

ಅವಳು ಕೈ ತೊಳೆದಳು. "ನಡೀರಿ. ಬಸ್ಸು ಹೊಂಡೂದ್ರಾಗ ಓದೂಣು."

ವಾಚನಾಲಯದಲ್ಲಿ ಗುರುಶಾಂತಪ್ಪನವರು, ನಾನು ಹಿಂದಿರುಗಿಸಿದ್ದ ಪುಸ್ತಕವನ್ನು ಎದೆಗವಚಿಕೊಂಡು ನಿಂತುಬಿಟ್ಟರು.

"ಯವ್ವಾ, ಸಾಯೋರು ಯಾರು ಅದಾರ ಹೇಳು. ಸಾಯೋರಿಲ್ಲದ ಹೊಲಿಗಿ ಬಿಚ್ಚಿದ ದಾಖಲಿ ಇಲ್ಲ."

"ನಾನ ಸಾಯ್ತೀನಿ, ಬಿಚ್ಚು ಕಾಕಾ."

"ನೀ ಕಲ್ಲಗುಂಡ ಇದ್ದಂಗ ಅದಿ."

"ಹಂಗಾರ ಮಾಸ್ತರ್ರು ಸಾಯ್ತಾರ."

ಗುರುಶಾಂತಪ್ಪನವರು ನನ್ನನ್ನು ಮೇಲಿನಿಂದ ಕೆಳಗೆ, ಬರಿಗಾಲಿನವರೆಗೂ, ನೋಡಿದರು. ಆ ನೋಟದಲ್ಲಿ ಒಪ್ಪಿಗೆಯ ಛಾಯೆ ಕಂಡಿತೆಂದು ಸಂಗ್ರಾಹಕನ ಪ್ರಾಮಾಣಿಕತೆಯಿಂದ ದಾಖಲಿಸಬೇಕಾಗಿದೆ. ಆಮೇಲೆ ನಿಧಾನವಾಗಿ ಕೇಳಿದರು: "ಬಿಚ್ಚಿದ್ರ ತಂಗಿ ಬರದದ್ದು ಒಂದಕ್ಷರ ಉಳಿಯೂದಿಲ್ಲ. ನಿನ್ನ ಕೈಯಾಗ ಇದ್ದಾಗ ನೀ ದಿನಾ ಓದತಿದ್ದಿ. ನಾಳಿ ಏನ್ ಓದ್ತಿ?"

ನೀಲಗಂಗವ್ವ ಆ ಪುಸ್ತಕವನ್ನೇ ನೋಡುತ್ತ ನಿಂತಳು. ನಾನು ಇಷ್ಟು ವರ್ಷ ಪುಸ್ತಕಗಳನ್ನು ತೂಗಿದವನು. ಒಂದು ಪುಸ್ತಕ ಒಬ್ಬರಿಗೆ ಅಷ್ಟು ಭಾರವಾಗಿ ಕಂಡುದನ್ನು ಅದೇ ಮೊದಲು ನೋಡಿದೆ. ಕೊನೆಗೆ ಅವಳು ಕೈ ಚಾಚಿ ಅದನ್ನು ತೆಗೆದುಕೊಂಡು, ತಂಗಿಯಂತೆಯೇ ಹಲ್ಲಿನಿಂದ ದಾರ ಕಡಿದು, ಹಾಳೆ ಬಿಡಿಸದೆ ನನ್ನ ಕೈಗಿತ್ತಳು.

"ನನಗ ಕೂಡಸಿ ಓದಾಕ ತಡಾ ಆಗ್ತೈತಿ. ನೀವ ಓದ್ರಿ. ನಿಮ್ಮ ಅನಿಸಿಕಿ ಸೇರಸಬ್ಯಾಡ್ರಿ."

ನಾನು ಮಡಿಕೆ ಬಿಡಿಸಿದೆ. ಅಲ್ಲಿ ಕಥೆಯೇ ಇರಲಿಲ್ಲ. ಸುತ್ತ ಬಳ್ಳಿಯ ಅಂಚು ಹಾಕಿದ ಒಂದು ಚೌಕಟ್ಟು, ಅದರೊಳಗೆ ದಪ್ಪಕ್ಷರದ ಜಾಹೀರಾತು. ಹೇಗಿತ್ತೋ ಹಾಗೇ ಓದಿದೆ: "ನೀಲಗಂಗವ್ವನ ಖಾನಾವಳಿ. ಬಸ್ ನಿಲ್ದಾಣದ ಎದುರು. ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಕೆನೆ ಮೊಸರು. ನಡೆಸುವವರು ಜೋರು ಬಾಯಿಯವರು, ಹೆದರಬಾರದು. ಎರಡನೆಯ ಸಲ ಬಡಿಸುವಾಗ ಬೇಡವೆಂದರೆ ಕೇಳುವುದಿಲ್ಲ. ಆ ದಾರಿಯಲ್ಲಿ ಹೋಗುವವರು ಉಂಡು ಹೋಗಿ, ಅವರು ಹೇಗಿದ್ದಾರೆಂದು ನೋಡಿಕೊಂಡು ಬನ್ನಿ."

ಅಕ್ಷರಗಳು ಹೋದವು. ಹೇಗೆ ಹೋಗುತ್ತವೆಂದು ಕೇಳುವವರಿಗೆ ಇಷ್ಟು ಹೇಳಬಹುದು: ಒಲೆಯ ಮೇಲಿನ ಹಾಲು ನಾವು ನೋಡುತ್ತಿರುವವರೆಗೆ ಉಕ್ಕುವುದಿಲ್ಲ, ರೆಪ್ಪೆ ಬಡಿದಾಗ ಉಕ್ಕಿರುತ್ತದೆ. ಹಾಗೆ.

ಮೊದಲು ಮಾತಾಡಿದವಳು ನೀಲಗಂಗವ್ವ. "ಅದಕ್ಕ" ಎಂದಳು. "ಎಲ್ಲೆಲ್ಲಿಂದೋ ಮಂದಿ ಬಸ್ ಇಳದು ಬಂದು, ಉಂಡು, ನನ್ನ ಮಾರಿ ನೋಡಿ ನಕ್ಕೋತ ಹೋಗ್ತಿದ್ರು. ನನಗ ಹುಚ್ಚ ಹಿಡದೈತೇನೋ ಅಂತ ನೋಡಾಕ ಬರ್ತಾರ ಅಂದಿದ್ದೆ."

ಗುರುಶಾಂತಪ್ಪನವರು ಬಿಳಿಯ ಹಾಳೆಯನ್ನು ಬೆಳಕಿಗೆ ಹಿಡಿದು, ಮೆಲ್ಲಗೆ, "ನಮ್ಮೂರ ಹುಡಿಗಿ ಅಲ್ಲೇನು" ಎಂದರು. "ಕಡೀ ಹಾಳಿ ನಾವು ಹೊಲೀತೀವಿ ಅಂತ ಆಕಿಗೆ ಗೊತ್ತು. ಕತಿ ಅದರ ಹಿಂದಿನ ಪುಟಕ್ಕ ಮುಗಿಸ್ಯಾಳ. ನಾವು ಪೂರಾ ಓದಲಿ ಅಂತ."

ಅಂದರೆ ಅಂತ್ಯ ಹೊಲಿಗೆಯ ಹೊರಗೇ ಇತ್ತು. ಅಕ್ಕ ಬಾಗಿಲು ತೆರೆದು ತಂಗಿಯನ್ನು ನೋಡುತ್ತಾಳೆ: ಕಥೆ ಅಷ್ಟೇ, ಅಲ್ಲಿಗೇ. ಪುಸ್ತಕ ಮುಗಿಸುವವಳೆಂದು ಊರು ಬಿಡಿಸಿಕೊಂಡ ಹುಡುಗಿ, ಊರಿನವರು ಮುಗಿಸಬಹುದಾದ ಒಂದೇ ಒಂದು ಪುಸ್ತಕವನ್ನು ಬರೆದು ಕಳಿಸಿದ್ದಳು. ನಾವು ಅದನ್ನು ಓದಿ ಮುಗಿಸಿದ್ದೆವು. ಮುಗಿಸಿದ್ದು ನಮಗೆ ತಿಳಿಯಲಿಲ್ಲ. ತೆರೆದ ಬಾಗಿಲನ್ನು ಕಣ್ಣಾರೆ ಓದಿ, ಅದನ್ನು ಮುಚ್ಚಿದವನು, ಕನ್ನಡಕ ಒರೆಸಿಕೊಂಡು, ನಾನು.

ನೀಲಗಂಗವ್ವ ಬಿಳಿಯ ಪುಸ್ತಕವನ್ನು ಸೆರಗಿನಿಂದ ಒರೆಸಿ ಬಗಲಲ್ಲಿ ಇಟ್ಟುಕೊಂಡಳು. ಹೊರಗೆ ಖಾಜಾಸಾಬನ ಸೀಟಿ ಕೇಳಿಸಿತು.

"ಹೂಂ ಅಂತ ಹೇಳಿ ಕಳಿಸು" ಎಂದೆ.

"ಹೇಳಿ ಕಳಸೂದು ಏನೈತ್ರಿ? ಹೋಗು ಅಂದಾಕಿ ನಾ, ಬಾ ಅನ್ನೂದನ್ನ ಕಂಡಕ್ಟರ್ ಕೈಲಿ ಅನಸಲ್ಯಾ? ನಾನ ಹೋಗ್ತೀನಿ. ನೀವೂ ಬರ್ರಿ."

"ನಾನ್ಯಾಕವ್ವ?"

"ಪುಸ್ತಕ ಬೆಳ್ಳಗ ಯಾಕಾತು ಅಂತ ಆಕಿ ಕೇಳಿದ್ರ ಯಾರು ಹೇಳೋರು? ನಾ ಹೇಳಾಕಿ ಅಲ್ಲ."

ಹಾಗೆ ಬರಿಗಾಲಲ್ಲೇ ಬಸ್ ಹತ್ತಿದೆ. ಗಡಿಯ ಕಲ್ಲು ದಾಟಿದ ಮೇಲೆ ಅವಳ ಧೈರ್ಯ ಇಳಿಯತೊಡಗಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೇಳಿದಳು: "ಮಾಸ್ತರ್ರ, ಬಾಗಲಾ ತಗದ ಕೂಡ್ಲೆ ಮೊದಲನೇ ಮಾತು ಏನ್ ಅನ್ನೂದ್ರಿ?" ನಾನು ಉತ್ಸಾಹದಿಂದ, ಅಗಲಿದವರು ಮತ್ತೆ ಭೇಟಿಯಾದಾಗ ಮೊದಲ ಮಾತು ಯಾವ ಯಾವ ಸೀಮೆಯ ಕಥೆಗಳಲ್ಲಿ ಹೇಗೆ ಹೇಗಿದೆಯೆಂದು ಆರಂಭಿಸಿದೆ. ಅವಳು ಕಿಟಕಿಯ ಕಡೆ ತಿರುಗಿ, "ಸುಮ್ನ ಕುಂದರ್ರಿ" ಎಂದಳು. ಇನ್ನೊಂದು ಊರು ದಾಟುವವರೆಗೂ ಸುಮ್ಮನೆ ಕುಳಿತೆ. ನನ್ನ ಮಟ್ಟಿಗೆ ಅದು ದೂರದ ಊರು.

ಕಸ್ತೂರಿಯ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ನೀಲಗಂಗವ್ವ ಬಾಗಿಲು ಬಡಿಯಲಿಲ್ಲ. ಬಾಗಿಲ ಮುಂದೆ ನಿಂತು ಕೆಮ್ಮಿದಳು. ಒಳಗೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಬಾಗಿಲು ತೆರೆಯಿತು. ತಲೆಗೂದಲಲ್ಲಿ ಬಿಳಿ ಕಾಣಿಸಿಕೊಂಡಿದ್ದ ಹೆಂಗಸೊಬ್ಬಳು, ಕೈಯಲ್ಲಿ ಸೌಟು ಹಿಡಿದವಳು, ಅಕ್ಕನನ್ನು ನೋಡಿದಳು. ಆಮೇಲೆ ಅವಳ ಬಗಲಲ್ಲಿದ್ದ ಬಿಳಿಯ ಪುಸ್ತಕವನ್ನು ನೋಡಿದಳು. ಆಮೇಲೆ ನನ್ನನ್ನು.

"ಇವರು ಯಾರು?"

"ನಿನ್ನ ಪುಸ್ತಕದ ಬಗ್ಗೆ ಅನಿಸಿಕಿ ಹೇಳಿದೋರು" ಎಂದಳು ನೀಲಗಂಗವ್ವ.

"ಹಂಗಾರ ಅವರು ಹೊರಗ ನಿಂದರ್ಲಿ" ಎಂದು ಕಸ್ತೂರಿ ಅಕ್ಕನ ಮುಂಗೈ ಹಿಡಿದು ಒಳಕ್ಕೆಳೆದುಕೊಂಡಳು. ಬಾಗಿಲು ಮುಚ್ಚಿಕೊಂಡಿತು.

ನಾನು ಕಟ್ಟೆಯ ಮೇಲೆ ಕುಳಿತೆ. ಒಳಗೆ ಜಗಳ ಕೇಳಿಸಿತು. ಆಮೇಲೆ ಯಾರೋ ಮೂಗೆಳೆದ ಸದ್ದು, ಅದರ ಬೆನ್ನಿಗೆ ಒಗ್ಗರಣೆಯ ಚಟಪಟ ಕೇಳಿಸಿ, "ಇಷ್ಟೊಂದ ಎಣ್ಣಿ ಯಾರ ಹಾಕ್ತಾರ?" ಎಂದು ಒಬ್ಬಳು ಗದರಿದಳು. "ನೀನ ಕಲಿಸಿದ್ದು" ಎಂದು ಇನ್ನೊಬ್ಬಳು ಗದರಿದಳು. ಇಬ್ಬರ ದನಿಯೂ ಒಂದೇ ತೆರನಾಗಿತ್ತು. ಯಾವುದು ಯಾರದೆಂದು ಗುರುತಿಸಲು ಕಿವಿಯನ್ನು ಬಾಗಿಲಿಗೆ ಹಚ್ಚಿದೆ. ಅಷ್ಟರಲ್ಲಿ ಬಾಗಿಲು ಒಂದು ಗೇಣು ತೆರೆಯಿತು. ಬಳೆ ತೊಟ್ಟ ಕೈಯೊಂದು ತಾಟನ್ನು ಹೊರಗೆ ಚಾಚಿ, ನಾನು ಹಿಡಿದುಕೊಳ್ಳುತ್ತಲೇ ಹಿಂದೆ ಸರಿಯಿತು. ಎರಡು ರೊಟ್ಟಿ, ಪಲ್ಯ, ಮೊಸರು.

ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತು ಉಂಡೆ. ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಹೇಗಿದೆಯೆಂದು ಯಾರೂ ಕೇಳಲಿಲ್ಲ. ತಾಟು ಬರಿದಾಗುವವರೆಗೆ ಉಂಡು, ತೊಳೆದು, ಬಾಗಿಲ ಬಳಿ ಬೋರಲು ಇಟ್ಟೆ.